ಸರ್ ಎಂ. ವಿಶ್ವೇಶ್ವರಯ್ಯನವರೂ ಇಂದಿನ ಗಣಕಜಾಲಗಳೂ

ಪ್ರತಿ ವರ್ಷ ಸೆಪ್ಟೆಂಬರ್ ೧೫ನೆಯ ತಾರೀಖು ನಮ್ಮ ದೇಶದಲ್ಲಿ ಇಂಜಿನಿಯರುಗಳ ದಿನವೆಂದು ಆಚರಿಸಲ್ಪಡುತ್ತಿರುವುದು. ಆ ದಿನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುವರು. ಅವರ ಶಿಸ್ತು, ದುಡಿಮೆ, ಪ್ರಾಮಾಣಿಕತೆಗಳನ್ನು ಹೊಗಳುವರು. ಸಂಜೆಯ ಹೊತ್ತಿಗೆ ಹಾರವು ಬಾಡುವುದು, ಭಾಷಣವು ಮರೆತುಹೋಗುವುದು. ಆ ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಮಹನೀಯರು ತಮ್ಮ ಆಯುಷ್ಯವನ್ನೆಲ್ಲಾ ಯಾವ ಪ್ರಶ್ನೆಯೊಡನೆ ಹೆಣಗಿ ಕಳೆದರೋ ಆ ಪ್ರಶ್ನೆಯೇ ಈಗ ಬೇರೊಂದು ವೇಷದಲ್ಲಿ ನಮ್ಮ ಮನೆಬಾಗಿಲಿಗೆ ಬಂದು ನಿಂತಿರುವುದನ್ನು ಗಮನಿಸಿದವರು ವಿರಳ. ಅವರ ಜೀವನವನ್ನು ಆ ದೃಷ್ಟಿಯಿಂದ ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿರುವುದು.

ಪ್ರಶ್ನೆಯನ್ನು ಮೊದಲು ಸ್ಪಷ್ಟಪಡಿಸುವೆವು. ಒಂದು ದೊಡ್ಡ ಏರ್ಪಾಡು ಇರುವುದು. ಅದರ ಅಂಗಗಳು ನೂರಾರು ಮೈಲಿಗಳಲ್ಲಿ ಚದುರಿರುವುವು. ಲಕ್ಷಾಂತರ ಜನರು ಅದನ್ನೇ ನೆಚ್ಚಿರುವರು. ಅದರ ಒಂದು ಅಂಗವು ಕೆಟ್ಟಾಗ ಉಳಿದ ಅಂಗಗಳು ಕೆಡದಂತೆ ನಡೆಸುವುದು ಹೇಗೆ? ಬೇಡಿಕೆಯು ಹತ್ತು ಮಡಿಯಾದಾಗ ಅದು ಮುರಿಯದೆ ಬೆಳೆಯುವುದು ಹೇಗೆ? ವಿಶ್ವೇಶ್ವರಯ್ಯನವರ ಕಾಲದಲ್ಲಿ ಆ ಏರ್ಪಾಡು ನೀರಿನದು, ವಿದ್ಯುತ್ತಿನದು, ಕಬ್ಬಿಣದ್ದು. ನಮ್ಮ ಕಾಲದಲ್ಲಿ ಅದು ಗಣಕಯಂತ್ರಗಳದು. ಶಿವಮೊಗ್ಗೆಯ ರಾಗಿಗುಡ್ಡದಲ್ಲಿ ಒಂದು ಕಟ್ಟು ಸೊಪ್ಪು ಕೊಳ್ಳುವ ಗೃಹಿಣಿಯು ಇಂದು ಫೋನಿನಿಂದ ಹಣ ತೆರುವಳು. ಆ ಹತ್ತು ರೂಪಾಯಿಯು ಆಕೆಯ ಬ್ಯಾಂಕಿನ ಯಂತ್ರ, ಅಂಗಡಿಯವನ ಬ್ಯಾಂಕಿನ ಯಂತ್ರ, ಇವೆರಡನ್ನೂ ಕೂಡಿಸುವ ಮಧ್ಯದ ಯಂತ್ರಗಳು, ಇಷ್ಟನ್ನೂ ದಾಟಿ ಕ್ಷಣಮಾತ್ರದಲ್ಲಿ ಕೈ ಸೇರಬೇಕು. ೨೦೧೬ರಲ್ಲಿ ಆರಂಭವಾದ ಈ ಯು.ಪಿ.ಐ. ಏರ್ಪಾಡಿನಲ್ಲಿ ೨೦೨೩ರ ಆಗಸ್ಟ್ ಒಂದೇ ತಿಂಗಳಲ್ಲಿ ೧೦೦೦ ಕೋಟಿಗೂ ಮಿಕ್ಕಿ ಪಾವತಿಗಳು ನಡೆದುವು. ರೈತನ ಪಹಣಿ, ನೌಕರನ ಸಂಬಳ, ಪಡಿತರದ ಅಕ್ಕಿ, ರೈಲಿನ ಟಿಕೇಟು ಎಲ್ಲವೂ ಇಂದು ಇಂತಹ ಜಾಲಗಳ ಮೇಲೆಯೇ ನಿಂತಿರುವುವು. ಜಾಲವು ಒಂದು ಗಂಟೆ ನಿಂತರೆ ಊರಿನ ವ್ಯವಹಾರವೇ ನಿಲ್ಲುವುದು. ಆದುದರಿಂದ ಇದು ಇಂಜಿನಿಯರುಗಳಿಗೆ ಮಾತ್ರ ಸೇರಿದ ವಿಷಯವೆಂದು ನಾವು ಭಾವಿಸುವುದಿಲ್ಲ.

ಇನ್ನು ಚರಿತ್ರೆಗೆ ಬರುವೆವು. ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದನು. ತರುವಾಯ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆ ಹೊಂದಿ, ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರನಾಗಿ ನಾಸಿಕಕ್ಕೆ ಹೋದನು. ಅಲ್ಲಿಂದ ಸುಮಾರು ಕಾಲು ಶತಮಾನವು ಆ ಪ್ರಾಂತದ ನೀರಿನ ಕೆಲಸಗಳಲ್ಲಿಯೇ ಸಂದಿತು. ಈಗ ಪಾಕಿಸ್ತಾನಕ್ಕೆ ಸೇರಿರುವ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸಿದುದು ಆ ಕಾಲದ ಮೊದಲನೆಯ ಹೆಸರಾದ ಕೆಲಸ. ಸಿಂಧೂ ನದಿಯ ಕೆಸರುನೀರನ್ನು ಸೋಸಲು ದುಬಾರಿಯಾದ ಕಟ್ಟಡಗಳನ್ನು ಕಟ್ಟುವ ಶಕ್ತಿ ಆ ಪುರಸಭೆಗೆ ಇರಲಿಲ್ಲ. ಇವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳೇ ಸೋಸುಗವಾಗುವಂತೆ ಮಾಡಿದರು. ಇರುವ ವಸ್ತುವಿನಿಂದಲೇ ಕೆಲಸ ತೆಗೆಯುವ ಈ ಗುಣವು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರ ಬುದ್ಧಿಯು ಪೂರ್ಣವಾಗಿ ಬೆಳಗಿತು. ಅಲ್ಲಿ ಮಳೆಗಾಲದಲ್ಲಿ ನೀರು ಕೋಡಿ ಬಿದ್ದು ಹರಿದುಹೋಗುತ್ತಿದ್ದಿತು. ಬೇಸಿಗೆಯಲ್ಲಿ ಅದೇ ನೀರಿಗೆ ಬಾಯಿಬಿಡಬೇಕಾಗುತ್ತಿದ್ದಿತು. ಕಟ್ಟೆಯನ್ನೇ ಎತ್ತರಿಸೋಣವೆಂದರೆ ಪ್ರವಾಹದ ದಿನ ಅದಕ್ಕೆ ಅಪಾಯ. ಕೋಡಿಯ ಮೇಲೆ ಬಾಗಿಲುಗಳನ್ನಿಟ್ಟು ಕಾವಲುಗಾರರನ್ನು ನೇಮಿಸೋಣವೆಂದರೆ, ನಡುರಾತ್ರಿ ಬಿರುಮಳೆಯಲ್ಲಿ ಪ್ರವಾಹ ಬಂದಾಗ ಅವರು ಎಚ್ಚರವಾಗಿದ್ದು ಸಕಾಲದಲ್ಲಿ ತೆರೆಯುವರೆಂಬ ಭರವಸೆ ಏನು? ಆಗ ವಿಶ್ವೇಶ್ವರಯ್ಯನವರು ತಾವೇ ತೆರೆದು ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕಲ್ಪಿಸಿದರು. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಆ ನೀರಿನ ಬಲದಿಂದಲೇ ಬಾಗಿಲು ಏಳುವುದು. ಮಟ್ಟವು ಇಳಿದಾಗ ಮತ್ತೆ ಕೂರುವುದು. ೧೯೦೩ರಲ್ಲಿ ಇವನ್ನು ಅಲ್ಲಿ ಅಳವಡಿಸಿದ್ದರಿಂದ ಕಟ್ಟೆಯನ್ನು ಮುಟ್ಟದೆಯೇ ಸುಮಾರು ೮ ಅಡಿ ಹೆಚ್ಚು ನೀರು ನಿಂತಿತು. ಮುಂದೆ ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲಿಯೂ ನಮ್ಮ ಕೃಷ್ಣರಾಜಸಾಗರದಲ್ಲಿಯೂ ಇಂತಹ ಬಾಗಿಲುಗಳು ನೆಲೆಗೊಂಡುವು.

ಇದರ ಮರ್ಮವನ್ನು ವಾಚಕರು ಗಮನಿಸಬೇಕು. ಅಪಾಯವನ್ನು ತಡೆಯುವ ಸಾಧನವು ಕೆಲಸ ಮಾಡಲು ಬೇರೊಬ್ಬರ ಎಚ್ಚರವನ್ನಾಗಲಿ ಬೇರೊಂದು ಯಂತ್ರದ ಶಕ್ತಿಯನ್ನಾಗಲಿ ಬೇಡಲಿಲ್ಲ. ಅಪಾಯವನ್ನು ತಂದ ನೀರೇ ಅದನ್ನು ನಡೆಸಿತು. ಈ ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನು ೨೦೨೧ರ ಅಕ್ಟೋಬರ್ ೪ರಂದು ಜಗತ್ತು ಕಂಡಿತು. ಅಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂಗಳು ಸುಮಾರು ೬ ಗಂಟೆಗಳ ಕಾಲ ಎಲ್ಲೆಡೆಯೂ ಮೂಕವಾದುವು. ದುರಸ್ತಿಯ ಕೆಲಸದಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಆ ಕಂಪನಿಯ ಗಣಕಕೇಂದ್ರಗಳ ನಡುವಣ ಮುಖ್ಯ ಸಂಪರ್ಕವೇ ಕಡಿದುಹೋಯಿತು. ಕೇಂದ್ರದ ಸಂಪರ್ಕ ತಪ್ಪಿದ ಯಂತ್ರಗಳು ತಾವಾಗಿಯೇ ಬಳಕೆಯಿಂದ ಹಿಂದೆಗೆಯಬೇಕೆಂಬ ನಿಯಮವು ಅಲ್ಲಿ ಇದ್ದಿತು. ಒಂದೆರಡು ಯಂತ್ರಗಳು ಕೆಟ್ಟ ದಿನಕ್ಕೆ ಅದು ಒಳ್ಳೆಯ ನಿಯಮವೇ. ಎಲ್ಲವೂ ಒಟ್ಟಿಗೆ ಸಂಪರ್ಕ ತಪ್ಪಿದ ದಿನ ಎಲ್ಲವೂ ಒಟ್ಟಿಗೆ ಹಿಂದೆಗೆದುವು. ಸರಿಪಡಿಸಹೋದ ಇಂಜಿನಿಯರುಗಳ ಉಪಕರಣಗಳೂ ಅದೇ ಜಾಲವನ್ನು ಆಶ್ರಯಿಸಿದ್ದುದರಿಂದ ಅವರು ದೂರದಿಂದ ಏನನ್ನೂ ಮಾಡಲಾರದೆ ಹೋದರು. ಬೀಗದಕೈಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡಂತಾಯಿತು. ಸ್ವಯಂಚಾಲಿತವಾದುದೆಲ್ಲ ಸುರಕ್ಷಿತವಲ್ಲ; ಅದು ಯಾವುದನ್ನು ಆಶ್ರಯಿಸಿ ನಿಂತಿರುವುದೆಂಬುದನ್ನು ಮೊದಲು ಕೇಳಬೇಕು. ಖಡಕ್‌ವಾಸ್ಲಾದಲ್ಲಿ ಅದನ್ನು ಕೇಳಿದ್ದರು.

ಅದೇ ಪುಣೆಯ ಸೀಮೆಯಲ್ಲಿ ನೀರಾ ಕಾಲುವೆಯ ಸಮಸ್ಯೆಯು ಬೇರೆ ಬಗೆಯದು. ಅಲ್ಲಿ ಯಂತ್ರ ಕೆಟ್ಟಿರಲಿಲ್ಲ, ಹಂಚಿಕೆ ಕೆಟ್ಟಿದ್ದಿತು. ಕಬ್ಬಿನ ಗದ್ದೆಗಳು ಕಾಲುವೆಯುದ್ದಕ್ಕೂ ಅಲ್ಲೊಂದು ಇಲ್ಲೊಂದಾಗಿ ಚದುರಿದ್ದುವು. ಕಾಲುವೆಯ ತಲೆಯಲ್ಲಿದ್ದವರು ಬೇಕಾದುದಕ್ಕಿಂತ ಹೆಚ್ಚು ನೀರು ಹಾಯಿಸಿಕೊಂಡು ಭೂಮಿಯನ್ನು ಜೌಗು ಮಾಡಿಕೊಳ್ಳುವರು. ಬಾಲದಲ್ಲಿದ್ದವರ ಪೈರು ಒಣಗುವುದು. ನೀರು ಬರುವುದೋ ಇಲ್ಲವೋ ಎಂಬ ಅಂಜಿಕೆಯಿಂದ ಪ್ರತಿಯೊಬ್ಬನೂ ಸಿಕ್ಕಿದಾಗ ಸಿಕ್ಕಿದಷ್ಟನ್ನು ಎಳೆದುಕೊಳ್ಳುವನು. ಆ ಅಂಜಿಕೆಯೇ ಕೊರತೆಯನ್ನು ಇಮ್ಮಡಿ ಮಾಡುವುದು. ವಿಶ್ವೇಶ್ವರಯ್ಯನವರು ೧೮೯೯ರ ಸುಮಾರಿಗೆ ಬ್ಲಾಕ್ ಪದ್ಧತಿಯನ್ನು ತಂದರು. ಪ್ರತಿ ಹಳ್ಳಿಯಲ್ಲಿಯೂ ನೀರಾವರಿಗೆ ಗೊತ್ತಾದ ಒಂದು ತಾಕು; ಅದರಲ್ಲಿ ಮೂರರಲ್ಲೊಂದು ಪಾಲು ಕಬ್ಬಿನಂತಹ ಹೆಚ್ಚು ನೀರಿನ ಬೆಳೆ, ಉಳಿದುದರಲ್ಲಿ ಕಡಿಮೆ ನೀರಿನವು; ವರ್ಷದಿಂದ ವರ್ಷಕ್ಕೆ ಬೆಳೆಗಳ ಸರದಿ; ನೀರಿನ ಹಕ್ಕು ಒಂದು ವರ್ಷಕ್ಕಲ್ಲ, ಹಲವು ವರ್ಷಗಳಿಗೆ ಖಚಿತ. ರೈತರು ಮೊದಮೊದಲು ಬಲವಾಗಿ ವಿರೋಧಿಸಿದರು. ಅವರೊಡನೆ ಕುಳಿತು ವಿವರಿಸಿ ಒಪ್ಪಿಸಬೇಕಾಯಿತು. ಪಾಲು ಖಚಿತವಾದ ಮೇಲೆ ಕಸಿದುಕೊಳ್ಳುವ ಆತುರವು ತಗ್ಗಿತು. ಅದೇ ನೀರು ಹೆಚ್ಚು ಹಳ್ಳಿಗಳನ್ನು ಮುಟ್ಟಿತು. ಇದೇ ಪದ್ಧತಿಯು ಮುಂದೆ ಮಂಡ್ಯದ ಬಯಲಿಗೆ ನೀರು ತಂದ ಕಾಲುವೆಯಲ್ಲಿಯೂ ಬಳಕೆಗೆ ಬಂದಿತು. ಆ ಕಾಲುವೆಯು ಇಂದು ಅವರ ಹೆಸರನ್ನೇ ಹೊತ್ತಿರುವುದು.

ನೂರಿಪ್ಪತ್ತೈದು ವರ್ಷಗಳ ಹಿಂದಿನ ಕಾಲುವೆಯ ಮಾತು ಇಂದೇಕೆ ಎಂದು ಯಾರಾದರೂ ಕೇಳಬಹುದು. ೨೦೨೫ರ ಏಪ್ರಿಲ್ ೧೨ರಂದು ಯು.ಪಿ.ಐ. ಏರ್ಪಾಡು ದೇಶಾದ್ಯಂತ ಹಲವು ಗಂಟೆಗಳು ಕುಂಟಿತು. ಪಾವತಿಯಾಯಿತೇ, ಪಾವತಿಯಾಯಿತೇ ಎಂದು ಕೆಲವು ಬ್ಯಾಂಕುಗಳ ಯಂತ್ರಗಳು ಮಧ್ಯದ ಯಂತ್ರಗಳನ್ನು ಬಿಡುವಿಲ್ಲದೆ ವಿಚಾರಿಸಿದುದೇ ಅದಕ್ಕೆ ಮುಖ್ಯ ಕಾರಣವೆಂದು ತಿಳಿದುಬಂದಿತು. ಉತ್ತರ ತಡವಾದಷ್ಟೂ ಪ್ರಶ್ನೆಗಳು ಹೆಚ್ಚಿದುವು. ಪ್ರಶ್ನೆಗಳು ಹೆಚ್ಚಿದಷ್ಟೂ ಉತ್ತರವು ತಡವಾಯಿತು. ನೀರಾ ಕಾಲುವೆಯ ರೈತನ ಅಂಜಿಕೆಯೇ ಇಲ್ಲಿ ಯಂತ್ರದ ರೂಪದಲ್ಲಿ ಕಾಣಿಸಿಕೊಂಡಿತು. ಕಂಡುಕೊಂಡ ಪರಿಹಾರವೂ ಹಳೆಯದೇ. ಬ್ಯಾಂಕುಗಳು ಎಷ್ಟು ಹೊತ್ತು ಕಾದು, ಎಷ್ಟು ಸಲ ವಿಚಾರಿಸಬೇಕೆಂಬುದಕ್ಕೆ ಕಟ್ಟುಪಾಡಾಯಿತು. ಆ ವರ್ಷದ ಆಗಸ್ಟ್ ೧ರಿಂದ ಖಾತೆಯ ಶಿಲ್ಕನ್ನು ಒಂದು ಆ್ಯಪಿನಲ್ಲಿ ದಿನಕ್ಕೆ ೫೦ ಸಲಕ್ಕಿಂತ ಹೆಚ್ಚಾಗಿ ನೋಡಬಾರದೆಂದೂ ಗೊತ್ತಾಯಿತು. ಎಲ್ಲರಿಗೂ ಸ್ವಲ್ಪ ಸಿಕ್ಕಬೇಕಾದರೆ ಯಾರಿಗೂ ಮಿತಿಯಿಲ್ಲದೆ ಸಿಕ್ಕಬಾರದು. ಈ ಮಿತಿಯನ್ನು ಕುಂಟಿದ ಮೇಲೆ ವಿಧಿಸುವುದಕ್ಕೂ ಕಾಲುವೆ ತೋಡುವಾಗಲೇ ವಿಧಿಸುವುದಕ್ಕೂ ಇರುವ ಅಂತರವನ್ನು ಅಧಿಕಾರಿಗಳು ಯೋಚಿಸಬೇಕು.

೧೯೦೬ರಲ್ಲಿ ಏಡನ್ ಪಟ್ಟಣದ ನೀರು ಮತ್ತು ಚರಂಡಿಗಳ ವಿಚಾರವಾಗಿ ಸಲಹೆಯನ್ನು ಕೊಟ್ಟು ಬಂದ ಮೇಲೆ ೧೯೦೮ರಲ್ಲಿ ಅವರು ಮುಂಬಯಿಯ ನೌಕರಿಯನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರ್ ೨೮ರಂದು ಮೂಸಿ ನದಿಯು ಹೈದರಾಬಾದ್ ನಗರದ ಮೇಲೆ ಹರಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ ಸರ್ಕಾರದ ಕೋರಿಕೆಯಂತೆ ೧೯೦೯ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು ನಗರದ ಗೋಡೆಗಳನ್ನು ಮಾತ್ರ ನೋಡದೆ ನದಿಯ ಮೇಲಣ ಸೀಮೆಯನ್ನೆಲ್ಲಾ ಪರಿಶೀಲಿಸಿದರು. ಅಲ್ಲಿ ನೂರಾರು ಕೆರೆಗಳಿದ್ದುವು. ಮೇಲಿನ ಕೆರೆಯ ಏರಿ ಒಡೆದು ಬಂದ ನೀರು ಕೆಳಗಿನ ಕೆರೆಯನ್ನು ಒಡೆದಿದ್ದಿತು. ಹೀಗೆ ಇನ್ನೂರಕ್ಕೂ ಮೇಲ್ಪಟ್ಟ ಕೆರೆಗಳು ಒಡೆದು ಮಳೆಯ ನೀರಿಗೆ ಕೆರೆಯ ನೀರೂ ಕೂಡಿಕೊಂಡಿದ್ದಿತು. ಒಂದೊಂದು ಕೆರೆಯನ್ನೂ ಅದರದರ ಮಟ್ಟಿಗೆ ಸರಿಯಾಗಿಯೇ ಕಟ್ಟಿದ್ದಿರಬಹುದು; ಒಟ್ಟು ಏನಾಗುವುದೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ನಗರದ ಮೇಲುಗಡೆ ಮೂಸಿಗೂ ಅದರ ಉಪನದಿ ಈಸಿಗೂ ಅಡ್ಡಲಾಗಿ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಿ, ಪ್ರವಾಹವನ್ನು ಅಲ್ಲಿ ಹಿಡಿದು, ನದಿಯ ಪಾತ್ರವು ತಾಳುವಷ್ಟನ್ನೇ ಬಿಡಬೇಕೆಂದು ಅವರು ಸೂಚಿಸಿದರು. ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಮುಗಿದುವು. ಪ್ರವಾಹವನ್ನು ಕಾಪಾಡಿದ ಆ ಕಟ್ಟೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟುವು. ಇಂದಿನ ಗಣಕಜಾಲಗಳಲ್ಲಿಯೂ ಏಕಕಾಲಕ್ಕೆ ನುಗ್ಗುವ ಕೋರಿಕೆಗಳನ್ನು ಮೊದಲು ಸಾಲಿನಲ್ಲಿ ನಿಲ್ಲಿಸಿ, ಮುಂದಿನ ಯಂತ್ರವು ತಾಳುವಷ್ಟನ್ನೇ ಬಿಡುವ ಏರ್ಪಾಡುಗಳಿರುವುವು. ಆ ಸಾಲೂ ಒಂದು ಕೆರೆಯೇ. ಅದಕ್ಕೂ ಏರಿಯೂ ಕೋಡಿಯೂ ಬೇಕು.

೧೯೦೯ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಸ್ವಂತ ನಾಡಿಗೆ ಬಂದರು. ಆಗ ಶಿವನಸಮುದ್ರದ ವಿದ್ಯುತ್ತು ೧೯೦೨ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದಿತು; ೧೯೦೫ರಲ್ಲಿ ಬೆಂಗಳೂರಿಗೂ ಬೆಳಕು ಬಂದಿದ್ದಿತು. ಬೇಡಿಕೆಯು ಬೆಳೆಯುತ್ತಲೇ ಇದ್ದಿತು. ಕಾವೇರಿಯಾದರೋ ಬೇಸಿಗೆಯಲ್ಲಿ ಬಡವಾಗುತ್ತಿದ್ದಳು. ವಿದ್ಯುತ್ತು ತಪ್ಪಿದರೆ ಗಣಿಗಳ ಕೆಲಸವೂ ಸಂಸ್ಥಾನದ ವರಮಾನವೂ ತಪ್ಪುವುದು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿ ವರ್ಷವೆಲ್ಲಾ ನೀರು ಒಂದೇ ಸಮನಾಗಿ ಹರಿಯುವಂತೆ ಮಾಡುವುದು, ಅದರೊಡನೆ ಮಂಡ್ಯದ ಸೀಮೆಗೆ ನೀರಾವರಿ ಕೊಡುವುದು, ಇವೆರಡೂ ಉದ್ದೇಶಗಳಾದುವು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಒಪ್ಪಿಗೆ ದೊರೆತು ೧೯೧೧ರಲ್ಲಿ ಕೆಲಸವು ಆರಂಭವಾಯಿತು.

ಆದರೆ ಕೆಳಗಿನ ಮದರಾಸು ಸರ್ಕಾರವು ಆಕ್ಷೇಪಿಸಿತು. ಭಾರತ ಸರ್ಕಾರವು ಮೊದಲನೆಯ ಘಟ್ಟಕ್ಕೆ ಮಾತ್ರ, ಎಂದರೆ ೧೧೦೦ ಕೋಟಿ ಘನ ಅಡಿ ನೀರು ನಿಲ್ಲಿಸುವುದಕ್ಕೆ ಮಾತ್ರ ಅನುಮತಿಯನ್ನು ಕೊಟ್ಟಿತು. ಅಷ್ಟಕ್ಕೆ ೮೦ ಅಡಿಗಳ ನೀರು ಸಾಕು. ಅಷ್ಟಕ್ಕೇ ತಳಪಾಯ ಹಾಕಿದ್ದರೆ ಖರ್ಚು ಉಳಿಯುತ್ತಿದ್ದಿತು, ಯಾರೂ ದೂರುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ತಳಪಾಯವನ್ನು ೧೨೪ ಅಡಿಗಳ ಪೂರ್ಣ ಯೋಜನೆಗೆ ತಕ್ಕಂತೆ ಹಾಕಿಸಿದರು. ಮೇಲಿನ ಗೋಡೆಯನ್ನು ಕಾಲಕ್ರಮದಲ್ಲಿ ಏರಿಸಬಹುದು. ನೀರು ನಿಂತ ಮೇಲೆ ತಳಪಾಯವನ್ನು ಅಗಲಿಸಲಾಗದು. ವಾದವು ಪಂಚಾಯಿತಿಗೆ ಹೋಗಿ, ಮೇಲ್ಮನವಿಗಳಾಗಿ, ೧೯೨೪ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಗುವ ಹೊತ್ತಿಗೆ ತಳಪಾಯವು ಸಿದ್ಧವಾಗಿ ಕಾದಿದ್ದಿತು. ಮುಂದಿನ ದಶಕದ ಆರಂಭಕ್ಕೆ ಕಟ್ಟೆಯು ಮುಗಿದು, ಸುಮಾರು ೪೯೦೦ ಕೋಟಿ ಘನ ಅಡಿ ನೀರು ಹಿಡಿಯುವ ಸಾಗರವಾಯಿತು. ಗಾರೆಗೆ ಸಿಮೆಂಟಲ್ಲ, ಇಟ್ಟಿಗೆಪುಡಿ ಸೇರಿಸಿದ ಸುರ್ಕಿ ಸುಣ್ಣ; ಅದು ಇಂದಿಗೂ ನಿಂತಿರುವುದು.

ಈ ಒಂದು ಪ್ರಸಂಗದಲ್ಲಿ ಎರಡು ಪಾಠಗಳು ಅಡಗಿರುವುವು. ಬೆಳೆಯಬೇಕಾದುದಕ್ಕೆ ಆಧಾರವನ್ನು ಪೂರ್ಣವಾಗಿ ಹಾಕಬೇಕು. ಆದರೆ ಭಾರವನ್ನು ಹಂತಹಂತವಾಗಿ ಏರಿಸಿ ಪ್ರತಿ ಹಂತದಲ್ಲಿಯೂ ನೋಡಿ ಮುಂದುವರಿಯಬೇಕು. ಇಂದು ಇದು ತಲೆಕೆಳಗಾಗಿರುವುದನ್ನು ನಾವು ಪದೇ ಪದೇ ಕಾಣುತ್ತಿರುವೆವು. ಹತ್ತು ಸಾವಿರ ಜನರಿಗಾಗಿ ಬರೆದ ತಂತ್ರಾಂಶದ ಮೇಲೆ ಒಂದು ಕೋಟಿ ಜನರನ್ನು ಹೊರಿಸುವರು; ಹೊರಿಸುವುದನ್ನೂ ಒಂದೇ ದಿನ, ಕೊನೆಯ ತಾರೀಖನ್ನು ಗೊತ್ತುಮಾಡಿ ಮಾಡುವರು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ರಕ್ಷಣಾ ತಂತ್ರಾಂಶದ ಕಂಪನಿಯು ಕಳುಹಿಸಿದ ಒಂದು ದೋಷಯುಕ್ತ ತಿದ್ದುಪಡಿಯು ಕೆಲವೇ ನಿಮಿಷಗಳಲ್ಲಿ ಜಗತ್ತಿನ ಸುಮಾರು ೮೫ ಲಕ್ಷ ವಿಂಡೋಸ್ ಗಣಕಗಳನ್ನು ಕೆಡವಿತು. ಮೊದಲು ನೂರು ಯಂತ್ರಗಳಿಗೆ ಕಳುಹಿಸಿ ನೋಡಿದ್ದರೆ ನೂರೇ ಕೆಡುತ್ತಿದ್ದುವು. ತಿದ್ದುಪಡಿಯನ್ನು ಒಂದೂವರೆ ಗಂಟೆಯೊಳಗೆ ಹಿಂದಕ್ಕೆ ತೆಗೆದುಕೊಂಡರೂ, ಆ ವೇಳೆಗೆ ಬಿದ್ದ ಯಂತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಟ್ಟರು. ಲೇಖನಿಯೂ ಕಾಗದವೂ ಇನ್ನೂ ಬಳಕೆಯಲ್ಲಿದ್ದುದು ಒಂದು ಪುಣ್ಯವೇ ಸರಿ.

೧೯೧೨ರ ನವೆಂಬರಿನಿಂದ ೧೯೧೮ರ ಡಿಸೆಂಬರಿನವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹುಟ್ಟಿದುವು. ಇವೂ ಒಂದು ಬಗೆಯ ತಳಪಾಯಗಳೇ. ಬೆಂಗಳೂರು ಇಂದು ಜಗತ್ತಿಗೆ ತಂತ್ರಾಂಶ ಬರೆಯುವ ನಗರವಾಗಿರುವುದರಲ್ಲಿ ಆ ಕಾಲದ ವಿದ್ಯಾಸಂಸ್ಥೆಗಳ ಪಾಲು ಸ್ವಲ್ಪವಲ್ಲ. ಆದರೆ ಸತ್ಯವನ್ನು ಮರೆಮಾಡುವುದು ಚರಿತ್ರೆಯಾಗಲಾರದು. ಸರ್ಕಾರೀ ನೌಕರಿಗಳಲ್ಲಿ ಬ್ರಾಹ್ಮಣೇತರ ವರ್ಗಗಳಿಗೆ ತಕ್ಕ ಪಾಲನ್ನು ಕೊಡುವ ವಿಚಾರಕ್ಕಾಗಿ ಮಹಾರಾಜರು ೧೯೧೮ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ದಿವಾನರ ಅಭಿಪ್ರಾಯವು ಮಹಾರಾಜರ ಅಭಿಪ್ರಾಯದೊಡನೆ ಕೂಡಲಿಲ್ಲ. ಅದೇ ವರ್ಷ ಅವರು ಅಧಿಕಾರವನ್ನು ಬಿಟ್ಟರು. ಕಾಲುವೆಯ ಬಾಲದಲ್ಲಿರುವ ರೈತನ ಪಾಲನ್ನು ಅಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದವರು, ಸಮಾಜದ ಬಾಲದಲ್ಲಿರುವವರ ಪಾಲನ್ನು ಆ ಕಣ್ಣಿನಿಂದ ನೋಡಲಿಲ್ಲ. ಕಾಲವು ಈ ವಿಷಯದಲ್ಲಿ ಮಹಾರಾಜರ ಪಕ್ಷಕ್ಕೇ ತೀರ್ಪು ಕೊಟ್ಟಿರುವುದು.

ಇನ್ನು ನಮ್ಮ ಜಿಲ್ಲೆಯ ಮಾತು. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯಲ್ಲಿ ೧೯೧೮ರಲ್ಲಿ ಕಬ್ಬಿಣದ ಕಾರ್ಖಾನೆಯು ಸ್ಥಾಪಿತವಾಯಿತು. ೧೯೨೩ರಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದಿತು. ನಮ್ಮಲ್ಲಿ ಅದಿರು ಇದ್ದಿತು, ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಮಲೆನಾಡಿನ ಮರವನ್ನು ಸುಟ್ಟು ಇದ್ದಲು ಮಾಡಿ, ಅದರಿಂದ ಕಬ್ಬಿಣವನ್ನು ಕರಗಿಸಿದರು. ಮರದಿಂದ ಬರುವ ಟಾರು, ಮದ್ಯಸಾರ ಮೊದಲಾದುವನ್ನು ಮಾರಿದರು. ಈ ಕಾರ್ಖಾನೆಯು ಒಂದು ಕಟ್ಟಡವಲ್ಲ, ಒಂದು ಜಾಲ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ, ಸುಣ್ಣಕಲ್ಲು ಭಂಡಿಗುಡ್ಡದಿಂದ, ಸೌದೆಯು ಕಾಡಿನ ಟ್ರಾಮ್ ದಾರಿಗಳಿಂದ ಬರಬೇಕು. ಊದುಕುಲುಮೆಯನ್ನು ಬೇಕಾದಾಗ ಆರಿಸಿ ಬೇಕಾದಾಗ ಹೊತ್ತಿಸಲಾಗದು. ಮಳೆಗಾಲದಲ್ಲಿ ಒಂದು ದಾರಿ ಕುಸಿದರೂ ಹಗಲಿರುಳು ಅದರ ಹೊಟ್ಟೆ ತುಂಬಲೇಬೇಕು. ಮಹಾಯುದ್ಧವು ಮುಗಿದು ಕಬ್ಬಿಣದ ಬೆಲೆಯು ಕುಸಿದಿದ್ದಿತು. ಕಾರ್ಖಾನೆಯು ನಷ್ಟದಲ್ಲಿ ಮುಳುಗಿತು. ಮುಚ್ಚಿಬಿಡುವುದೇ ಲೇಸೆಂಬ ಮಾತು ಎದ್ದಿತು.

ಆಗ ಅಧಿಕಾರ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು ೧೯೨೩ರಿಂದ ೧೯೨೯ರವರೆಗೆ ಅದನ್ನು ನಡೆಸಿದರು. ಅವರು ಅಲ್ಲಿ ಯಾವ ಹೊಸ ಪವಾಡವನ್ನೂ ಕಂಡುಹಿಡಿಯಲಿಲ್ಲ. ಪ್ರತಿಯೊಂದು ಕೊಂಡಿಯ ಖರ್ಚನ್ನೂ ನಷ್ಟವನ್ನೂ ಬೇರೆಬೇರೆಯಾಗಿ ಅಳೆದರು. ಬರಿಯ ಕಚ್ಚಾ ಕಬ್ಬಿಣವನ್ನು ನೆಚ್ಚಿದರೆ ಪೇಟೆಯ ಬೆಲೆಗೆ ಕೊರಳು ಕೊಟ್ಟಂತೆಂದು ಅರಿತು ಎರಕದ ಕೊಳವೆಗಳ ತಯಾರಿಕೆಯನ್ನು ಸೇರಿಸಿದರು. ಹೆಚ್ಚು ಸಂಬಳದ ಅಮೆರಿಕನ್ ತಜ್ಞರ ಬದಲು ನಮ್ಮ ಜನರನ್ನೇ ತರಬೇತು ಮಾಡಿ ಅವರ ಕೈಗೆ ಕುಲುಮೆಯನ್ನು ಒಪ್ಪಿಸಿದರು. ಇದನ್ನು ಬರ‍್ರಿಯ ಸ್ವದೇಶಾಭಿಮಾನವೆಂದು ತಿಳಿಯಬಾರದು. ನಡುರಾತ್ರಿ ಯಂತ್ರವು ಕೆಟ್ಟಾಗ ಅದನ್ನು ಒಳಗಿನಿಂದ ಬಲ್ಲವನು ಪಕ್ಕದಲ್ಲಿಯೇ ಇರಬೇಕು. ಕಟ್ಟಿಕೊಟ್ಟವನು ಸಮುದ್ರದಾಚೆ ಇದ್ದರೆ ಕಟ್ಟಿದುದು ನಮ್ಮದಲ್ಲ. ಸರ್ಕಾರೀ ಗಣಕಜಾಲಗಳನ್ನು ಗುತ್ತಿಗೆಗೆ ಕೊಟ್ಟು, ಗುತ್ತಿಗೆದಾರನು ಹೋದ ಮೇಲೆ ಒಳಗಿನ ಮರ್ಮವನ್ನು ಬಲ್ಲವರು ಇಲಾಖೆಯಲ್ಲಿ ಒಬ್ಬರೂ ಇಲ್ಲದಂತೆ ಮಾಡಿಕೊಳ್ಳುವವರು ಭದ್ರಾವತಿಯ ಆ ಆರು ವರ್ಷಗಳನ್ನು ಓದಬೇಕು.

ಕಾರ್ಖಾನೆಯು ಉಳಿಯಿತು. ೧೯೩೬ರಲ್ಲಿ ಉಕ್ಕು, ಆ ದಶಕದ ಕೊನೆಗೆ ಸಿಮೆಂಟು ಬಂದುವು. ೧೯೭೦ರ ದಶಕದಲ್ಲಿ ಅದಕ್ಕೆ ಅವರ ಹೆಸರಿಟ್ಟರು. ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರವು ಅದನ್ನು ವಹಿಸಿಕೊಂಡಿತು. ಸ್ವಂತ ಗಣಿಯ ಆಧಾರವು ತಪ್ಪಿದುದು ಅದರ ಇಳಿತಕ್ಕೆ ಮುಖ್ಯ ಕಾರಣಗಳಲ್ಲೊಂದು. ೨೦೨೩ರ ಜನವರಿಯಲ್ಲಿ ಮುಚ್ಚುವ ನಿರ್ಧಾರವು ಪ್ರಕಟವಾದಾಗ ಕಾರ್ಮಿಕರು ಧರಣಿ ಕುಳಿತರು. ಒಂದು ಜಾಲದ ಬೇರಿನ ಕೊಂಡಿಯು ಕಳಚಿದರೆ ಉಳಿದ ಕೊಂಡಿಗಳು ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲವೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವು ನಮಗೆ ಬೇಡ.

ದೊಡ್ಡ ಏರ್ಪಾಡುಗಳ ಬೆಲೆಯನ್ನು ತೆತ್ತವರನ್ನೂ ನೆನೆಯಬೇಕು. ಕೃಷ್ಣರಾಜಸಾಗರಕ್ಕಾಗಿ ಕನ್ನಂಬಾಡಿಯೇ ಮೊದಲಾದ ಗ್ರಾಮಗಳು ನೀರಿನಡಿಗೆ ಹೋದುವು; ಭದ್ರಾವತಿಯ ಕುಲುಮೆಗಾಗಿ ಮಲೆನಾಡಿನ ಕಾಡು ಉರಿಯಿತು. ಲಾಭವು ದೂರದ ಪಟ್ಟಣಕ್ಕೆ, ನಷ್ಟವು ಪಕ್ಕದ ಹಳ್ಳಿಗೆ ಎಂಬ ಲೆಕ್ಕವು ಇಂದಿನ ಜಾಲಗಳಲ್ಲಿಯೂ ಇಲ್ಲದೆ ಇಲ್ಲ. ಬೆರಳಚ್ಚು ಹೊಂದದೆ ಯಂತ್ರವು ಬೇಡವೆಂದಾಗ ಪಡಿತರದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವವರು ದುಡಿದು ಬೆರಳು ಸವೆಸಿದ ಮುದುಕರೇ ಹೊರತು ಯಂತ್ರವನ್ನು ರೂಪಿಸಿದವರಲ್ಲ.

ವಿಶ್ವೇಶ್ವರಯ್ಯನವರು ೧೯೩೪ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯ ವಿಚಾರವಾಗಿ ಪುಸ್ತಕವನ್ನು ಬರೆದರು. ತೊಂಬತ್ತು ದಾಟಿದ ಮೇಲೆಯೂ ಬಿಹಾರದಲ್ಲಿ ಗಂಗೆಯ ಸೇತುವೆಯ ಸ್ಥಳವನ್ನು ಪರಿಶೀಲಿಸಲು ಹೋದರು. ಮೊಕಾಮಾದಲ್ಲಿ ಆ ಸೇತುವೆಯು ೧೯೫೯ರಲ್ಲಿ ತೆರೆಯಿತು. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿಯು ಬಂದಿತು. ೧೯೬೦ರಲ್ಲಿ ನಾಡು ಅವರ ಜನ್ಮಶತಮಾನೋತ್ಸವವನ್ನು ಅವರ ಕಣ್ಣಮುಂದೆಯೇ ಆಚರಿಸಿತು. ೧೯೬೨ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ದೇಹವಿಟ್ಟರು. ಹುಟ್ಟಿದ ಮುದ್ದೇನಹಳ್ಳಿಯಲ್ಲಿಯೇ ಅಂತ್ಯಸಂಸ್ಕಾರವಾಯಿತು.

ಅವರ ಎಲ್ಲ ಕೆಲಸಗಳನ್ನೂ ಒಟ್ಟಾಗಿ ನೋಡಿದರೆ ಒಂದು ಸೂತ್ರವು ತೋರುವುದು: ಮಿತಿಮೀರಿದ ದಿನ ಏನಾಗಬೇಕೆಂಬುದನ್ನು ಶಾಂತವಾದ ದಿನವೇ ನಿಶ್ಚಯಿಸಿಡಬೇಕು. ಪ್ರವಾಹ ಬಂದ ರಾತ್ರಿ ಬಾಗಿಲನ್ನು ಯೋಚಿಸುವುದಲ್ಲ. ಬರ ಬಂದ ವರ್ಷ ಪಾಲನ್ನು ಹಂಚುವುದಲ್ಲ. ಕಟ್ಟೆ ಏರುವಾಗ ತಳಪಾಯವನ್ನು ಹುಡುಕುವುದಲ್ಲ. ಯಂತ್ರವು ಕೆಡುವುದು ಸಹಜ. ಕೆಡುವುದೆಂದು ತಿಳಿದೂ ಸಿದ್ಧರಾಗದಿರುವುದು ಅಪರಾಧ. ಇನ್ನು ಮುಂದೆ ಜನರ ಅನ್ನಕ್ಕೂ ಹಣಕ್ಕೂ ಭೂಮಿಗೂ ಸಂಬಂಧಪಟ್ಟ ಯಾವುದೇ ಗಣಕಜಾಲವನ್ನು ಸರ್ಕಾರವು ಒಪ್ಪಿಕೊಳ್ಳುವ ಮುನ್ನ ಅಧಿಕಾರಿಗಳು ಈ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕು. ಹತ್ತು ಮಡಿ ಜನ ಬಂದರೆ ಏನಾಗುವುದು? ಒಂದು ಕೇಂದ್ರವು ಆರಿದರೆ ಯಾವುದು ಉಳಿಯುವುದು? ತಿದ್ದುಪಡಿಯನ್ನು ಮೊದಲು ಎಲ್ಲಿ ಪರೀಕ್ಷಿಸುವಿರಿ? ಎಲ್ಲವೂ ನಿಂತ ದಿನ ಬಡವನಿಗೆ ಪಡಿ ಅಕ್ಕಿಯನ್ನು ಯಾರ ಸಹಿಯ ಮೇಲೆ ಕೊಡುವಿರಿ? ಇವಕ್ಕೆ ಉತ್ತರವಿಲ್ಲದ ಕಡತಕ್ಕೆ ಅಂಕಿತ ಹಾಕದಿರುವ ಅಧಿಕಾರಿಯು ಸೆಪ್ಟೆಂಬರ್ ೧೫ರಂದು ಪಟಕ್ಕೆ ಹಾರ ಹಾಕದಿದ್ದರೂ ನಮಗೆ ಚಿಂತೆಯಿಲ್ಲ.